ಹೆಚ್ಚುವ ಸಾಧನಗಳು: ಗುಂಡ್ಲುಪೇಟೆ–ಬಂಡೀಪುರ ಸೀಮೆಯ ಈಳಿಗೆ, ಚಾಕು, ಸ್ಲೈಸರ್

ತರಕಾರಿ, ಸೊಪ್ಪು, ಹಣ್ಣು, ಮಾಂಸಗಳನ್ನು ಅಡುಗೆಗೆ ಬೇಕಾದ ಅಳತೆಗೆ ಕತ್ತರಿಸಲು ಬಳಸುವ ಹರಿತವಾದ ಉಪಕರಣಗಳು. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕು ಮತ್ತು ಬಂಡೀಪುರದ ಕಾಡಂಚಿನ ಹಳ್ಳಿಗಳಲ್ಲಿ ಇವು ಮುಖ್ಯವಾಗಿ ಮೂರು ಬಗೆ: ನೆಲದ ಮೇಲಿಟ್ಟು ಕಾಲಿನಿಂದ ಒತ್ತಿ ಹಿಡಿಯುವ ಈಳಿಗೆಮಣೆ, ಕೈಯಲ್ಲಿ ಹಿಡಿಯುವ ಚಾಕು ಮತ್ತು ಮಚ್ಚು, ಈಚೆಗೆ ಮನೆಮನೆಗೂ ಬಂದ ಸ್ಲೈಸರ್. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಚಲಿಸುತ್ತದೆ. ಚಾಕುವಿನಲ್ಲಿ ತರಕಾರಿ ನಿಂತಿರಬೇಕು, ಅಲಗು ಚಲಿಸಬೇಕು. ಸುರಕ್ಷತೆಯ ನಿಯಮಗಳೆಲ್ಲ ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ. ಒಂದರಲ್ಲಿ ಪಳಗಿದ ಕೈ ಇನ್ನೊಂದನ್ನು ಹಿಡಿದಾಗ ಹಳೆಯ ರೂಢಿಯನ್ನೇ ಮುಂದುವರಿಸುತ್ತದೆ. ಬೆರಳು ಕುಯ್ದುಕೊಂಡವರನ್ನು ಗಮನವಿಲ್ಲದವರೆಂದು ಬೈಯುವುದು ಸುಲಭ, ಆದರೆ ಎಷ್ಟೋ ಸಲ ತಪ್ಪು ಇರುವುದು ಈ ಬೆರಕೆಯಲ್ಲಿ.

ಹೆಚ್ಚುವ ಪದಾರ್ಥಗಳು

ಗುಂಡ್ಲುಪೇಟೆ ತರಕಾರಿಯ ಸೀಮೆ. ಮೈಸೂರಿನಿಂದ ದಕ್ಷಿಣಕ್ಕೆ ಬಂದ ಹೆದ್ದಾರಿ ಇಲ್ಲಿ ಕವಲೊಡೆದು, ಒಂದು ಕವಲು ಸುಲ್ತಾನ್ ಬತ್ತೇರಿಯ ಕಡೆಗೂ ಇನ್ನೊಂದು ಬಂಡೀಪುರದ ಮೂಲಕ ಊಟಿಯ ಕಡೆಗೂ ಹೋಗುತ್ತದೆ. ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಬಂದ ಮಾಲು ಬಹುಪಾಲು ಕೇರಳ, ತಮಿಳುನಾಡುಗಳ ಅಡುಗೆಮನೆಗೆ ಸೇರುತ್ತದೆ. ಟೊಮೆಟೊ, ಬೀಟ್‌ರೂಟ್, ಎಲೆಕೋಸು, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬಾಳೆ, ಅರಿಶಿನ ಇಲ್ಲಿನ ಪರಿಚಿತ ಬೆಳೆಗಳು.

ಒಂದೊಂದು ತರಕಾರಿಗೂ ತನ್ನದೇ ಅಪಾಯವಿದೆ. ಬೀಟ್‌ರೂಟ್ ಗಟ್ಟಿ, ಗುಂಡು. ಒತ್ತಿದ ಕೂಡಲೇ ಉರುಳುತ್ತದೆ. ಅದರ ರಸದ ಬಣ್ಣದಲ್ಲಿ ರಕ್ತ ಗೊತ್ತಾಗುವುದಿಲ್ಲವಾದ್ದರಿಂದ ಗಾಯವಾದದ್ದು ಉರಿ ಹತ್ತಿದ ಮೇಲೆಯೇ ತಿಳಿಯುವುದುಂಟು. ಎಲೆಕೋಸಿನ ಪದರಗಳು ಒಂದರ ಮೇಲೊಂದು ಜಾರುತ್ತವೆ. ಟೊಮೆಟೊ ಮೆತ್ತಗಿದ್ದರೂ ಸಿಪ್ಪೆ ನುಣುಪು, ಮೊಂಡು ಅಲಗು ಅದರ ಮೇಲೆ ನಿಲ್ಲದೆ ಬೆರಳಿನ ಕಡೆ ಸರಿಯುತ್ತದೆ. ಸುವರ್ಣಗೆಡ್ಡೆ ಮುಟ್ಟಿದರೆ ನವೆ, ಹಲಸು ಬಿಡಿಸಿದರೆ ಮೇಣ. ಎರಡಕ್ಕೂ ಕೈಗೆ ಎಣ್ಣೆ ಸವರಿಕೊಳ್ಳುವುದು ವಾಡಿಕೆ. ಎಣ್ಣೆ ಹಚ್ಚಿದ ಕೈ ಹಿಡಿಯನ್ನು ಸರಿಯಾಗಿ ಹಿಡಿಯಲಾರದು. ಹಣ್ಣು ಬಿಡಿಸುವ ಕೈಗೆ ಮಾತ್ರ ಎಣ್ಣೆ ಹಚ್ಚಿ, ಅಲಗು ಹಿಡಿಯುವ ಕೈಯನ್ನು ಒಣಗಿದ್ದಂತೆ ಇಟ್ಟುಕೊಂಡರೆ ಎರಡು ಕೆಲಸವೂ ನಡೆಯುತ್ತದೆ. ಅಲಗಿಗೂ ಸ್ವಲ್ಪ ಎಣ್ಣೆ ಸವರಿದರೆ ಮೇಣ ಅಂಟುವುದು ಕಡಿಮೆ.

ಈಳಿಗೆಮಣೆ

ಗಟ್ಟಿ ಮರದ ಹಲಗೆಯ ಒಂದು ತುದಿಯಲ್ಲಿ ಮೇಲಕ್ಕೆ ಬಾಗಿ ನಿಂತ ಕಬ್ಬಿಣದ ಅಲಗು, ಎಷ್ಟೋ ಕಡೆ ಅಲಗಿನ ತುದಿಯಲ್ಲಿ ತೆಂಗಿನಕಾಯಿ ತುರಿಯುವ ಹಲ್ಲಿನ ಬಿಲ್ಲೆ: ಇದು ಈಳಿಗೆಯ ಸಾಮಾನ್ಯ ರೂಪ. ಮಲೆನಾಡು, ಕರಾವಳಿಗಳಲ್ಲಿ ಇದು ಮೆಟ್ಟುಗತ್ತಿ. ತಮಿಳರ ಅರಿವಾಳ್‌ಮನೈ, ತೆಲುಗರ ಕತ್ತಿಪೀಟ, ಮರಾಠಿಗರ ವಿಳಿ, ಬಂಗಾಳಿಗಳ ಬೋಟಿ ಇದೇ ಕುಟುಂಬದವು. ಹೆಚ್ಚುವವರು ನೆಲದ ಮೇಲೆ ಕೂತು, ಒಂದು ಪಾದದಿಂದಲೋ ಮಂಡಿಯಿಂದಲೋ ಹಲಗೆಯನ್ನು ಒತ್ತಿ ಹಿಡಿದು, ತಮ್ಮತ್ತ ಮುಖ ಮಾಡಿ ನಿಂತ ಅಲಗಿಗೆ ತರಕಾರಿಯನ್ನು ಎರಡು ಕೈಯಿಂದ ಮುಂದಕ್ಕೆ ದೂಡುತ್ತಾರೆ. ಹೋಳು ಕೆಳಗಿಟ್ಟ ನೀರಿನ ಪಾತ್ರೆಗೆ ನೇರವಾಗಿ ಬೀಳುತ್ತದೆ.

ಸೊಪ್ಪಿಗೆ ಇದನ್ನು ಮೀರಿಸುವ ಸಾಧನ ಇಲ್ಲವೆನ್ನಬಹುದು. ಬಸ್ಸಾರಿಗೆ ಕಂತೆ ಸೊಪ್ಪನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಸಣ್ಣಗೆ ಹೆಚ್ಚಬೇಕೆಂದರೆ ಚಾಕುವಿನಲ್ಲಿ ಸೊಪ್ಪು ಚದುರುತ್ತದೆ, ಈಳಿಗೆಯಲ್ಲಿ ಮುಷ್ಟಿ ಬಿಚ್ಚುವುದೇ ಬೇಡ. ಕಾಲು ಅಲುಗಾಡದ ಹಾಗೆ ಹಿಡಿದಿರುವುದರಿಂದ ಎರಡು ಕೈಯೂ ತರಕಾರಿಯ ಮೇಲೆಯೇ ಇರುತ್ತವೆ. ಅಲಗು ಎಲ್ಲಿದೆ ಎಂಬುದು ಕೂತವರಿಗೆ ಸದಾ ಗೊತ್ತು, ಅದು ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಈ ಗುಣವನ್ನು ಮರೆತು ಈಳಿಗೆಯನ್ನು ಬರೀ ಅಪಾಯದ ವಸ್ತುವೆಂದು ಮೂಲೆಗೆ ಸರಿಸುವುದು ನ್ಯಾಯವಲ್ಲ.

ಆದರೆ ಅಲಗು ನಿಂತೇ ಇರುವುದೇ ಇದರ ಮುಖ್ಯ ಅಪಾಯವೂ ಹೌದು. ಹಲಗೆ ಸಮತಟ್ಟಾದ ಒಣನೆಲದ ಮೇಲಿರಬೇಕು. ನುಣುಪಾದ ಟೈಲ್ಸ್ ಮೇಲೆ ಜಾರುವುದರಿಂದ ಕೆಳಗೆ ಗೋಣಿಚೀಲವನ್ನೋ ಒದ್ದೆ ಬಟ್ಟೆಯನ್ನೋ ಹಾಸಿಕೊಳ್ಳುತ್ತಾರೆ. ಎರಡು ಕೈಯ ಬೆರಳುಗಳು ಅಲಗಿನ ಎಡಬಲಕ್ಕೆ ಇರಬೇಕೇ ಹೊರತು ಅದರ ನೇರಕ್ಕೆ ಬರಬಾರದು. ಹೋಳು ಎರಡಾಗುವ ಗಳಿಗೆಯಲ್ಲಿ ತಡೆ ತಟ್ಟನೆ ಇಲ್ಲವಾಗಿ ಕೈ ಮುಂದಕ್ಕೆ ನುಗ್ಗುತ್ತದೆ. ಗಟ್ಟಿ ಕಾಯಿಯನ್ನು ಒಂದೇ ಏಟಿಗೆ ದೂಡದೆ, ಅರ್ಧ ಇಳಿದ ಮೇಲೆ ಒತ್ತಡ ಕಡಿಮೆ ಮಾಡುತ್ತ ಅಲುಗಿಸಿ ಇಳಿಸುವುದು ಪಳಗಿದವರ ಕ್ರಮ. ಕೊನೆಯ ಗೇಣಿನಷ್ಟು ಸೊಪ್ಪಿನ ಕಡ್ಡಿಯನ್ನೋ ಬೆರಳುದ್ದದ ಮೂಲಂಗಿ ತುಂಡನ್ನೋ ಬಿಟ್ಟುಕೊಟ್ಟರೆ ದನಕ್ಕೆ ಆದೀತು.

ಎದ್ದು ಹೋಗುವಾಗ ಈಳಿಗೆಯನ್ನು ನಿಂತಂತೆಯೇ ಬಿಡಬಾರದು. ಮಡಚುವಂಥದ್ದಾದರೆ ಮಡಚಬೇಕು, ಇಲ್ಲವಾದರೆ ಅಲಗಿನ ಬಾಯಿ ಗೋಡೆಗೆ ತಿರುಗಿರುವಂತೆ ಪಕ್ಕಕ್ಕೆ ಮಲಗಿಸಬೇಕು. ಅಂಬೆಗಾಲಿಡುವ ಮಗು, ಓಡಿಬರುವ ಕೋಳಿ, ಕರೆಂಟು ಹೋದ ಸಂಜೆ: ಹಳ್ಳಿಮನೆಯಲ್ಲಿ ಇವು ಮೂರೂ ಒಟ್ಟಿಗೇ ಬರಬಹುದು. ಈಳಿಗೆಯನ್ನು ದಾಟಬಾರದೆಂದು ಹಿರಿಯರು ಗದರುವುದಕ್ಕೆ ಇದಕ್ಕಿಂತ ದೊಡ್ಡ ಶಾಸ್ತ್ರ ಬೇಕಿಲ್ಲ. ಕಾಯಿ ತುರಿಯುವಾಗ ಎಚ್ಚರ ತಪ್ಪುವುದು ಚಿಪ್ಪಿನ ಅಂಚು ಸಮೀಪಿಸಿದಾಗ. ಬೆರಳ ತುದಿ ಹಲ್ಲಿಗೆ ತಾಗಿದರೆ ಗಾಯ ಸೀಳಿದಂತಲ್ಲ, ಕಿತ್ತಂತೆ ಆಗುತ್ತದೆ. ಮಾಯಲು ಹೆಚ್ಚು ದಿನ ಹಿಡಿಯುತ್ತದೆ.

ನಿಂತು ಅಡುಗೆ ಮಾಡುವ ಕಟ್ಟೆ ಬಂದ ಮೇಲೆ ಕೆಲವರು ಈಳಿಗೆಯನ್ನೇ ಕಟ್ಟೆಯ ಮೇಲಿಟ್ಟುಕೊಂಡರು. ಇದು ಎಲ್ಲಕ್ಕಿಂತ ಕೆಟ್ಟ ಏರ್ಪಾಡು. ಹಲಗೆಯನ್ನು ಹಿಡಿಯಲು ಕಾಲಿಲ್ಲ, ಒಂದು ಕೈ ಹಲಗೆಗೆ ಹೋದರೆ ತರಕಾರಿಗೆ ಉಳಿಯುವುದು ಒಂದೇ ಕೈ, ಅಲಗು ಎದೆಯ ಮಟ್ಟಕ್ಕೆ ಬಂದಿರುತ್ತದೆ. ಮಂಡಿನೋವಿನಿಂದ ನೆಲಕ್ಕೆ ಕೂರಲಾಗದವರು ಕಟ್ಟೆಗೆ ತಿರುಪು ಬಿಗಿಯುವ ಈಳಿಗೆಯನ್ನು ಬಳಸಬೇಕು, ಇಲ್ಲವೆ ಚಾಕುವನ್ನೇ ಹೊಸದಾಗಿ ಕಲಿಯಬೇಕು.

ಚಾಕು

ಕಲಿಯಬೇಕು ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಈಳಿಗೆಯ ಕೈ ಚಾಕು ಹಿಡಿದಾಗ ತರಕಾರಿಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಅಲಗನ್ನು ಹೆಬ್ಬೆರಳ ಕಡೆಗೆ ಎಳೆಯುತ್ತದೆ. ಹುರುಳಿಕಾಯಿ, ಬೆಂಡೆಯಂಥ ಮೆದು ಕಾಯಿಗೆ ಇದು ನಡೆದೀತು. ಈ ಸೀಮೆಯ ಎಷ್ಟೋ ಹೆಂಗಸರು ಜಗುಲಿಯ ಮೇಲೆ ಮಾತಾಡುತ್ತಲೇ ಹೀಗೆ ಮಣಗಟ್ಟಲೆ ಹೆಚ್ಚಿದ್ದಾರೆ. ಅದೇ ವರಸೆಯಲ್ಲಿ ಬೀಟ್‌ರೂಟ್, ಕುಂಬಳಕಾಯಿ, ಒಣಕೊಬ್ಬರಿಗೆ ಕೈಹಾಕಿದರೆ ಹೆಬ್ಬೆರಳೇ ತಡೆಯಾಗುತ್ತದೆ.

ಚಾಕುವಿಗೆ ಹೆಚ್ಚುವ ಮಣೆ ಬೇಕು, ಮಣೆ ಕದಲದಂತೆ ಅಡಿಯಲ್ಲಿ ಒದ್ದೆ ಬಟ್ಟೆ ಬೇಕು. ದುಂಡು ತರಕಾರಿಯನ್ನು ಮೊದಲು ಎರಡು ಹೋಳು ಮಾಡಿ, ಚಪ್ಪಟೆ ಮುಖವನ್ನು ಕೆಳಗಿಟ್ಟುಕೊಂಡರೆ ಉರುಳುವ ಪ್ರಶ್ನೆ ಮುಗಿಯಿತು. ತರಕಾರಿ ಹಿಡಿದ ಕೈಯ ಬೆರಳ ತುದಿಗಳು, ಬೆಕ್ಕು ಉಗುರನ್ನು ಒಳಗೆಳೆದುಕೊಂಡಂತೆ, ಒಳಕ್ಕೆ ಮಡಚಿರಬೇಕು. ಹೆಬ್ಬೆರಳು ಅವುಗಳ ಹಿಂದೆ ಇರಬೇಕು. ಅಲಗಿನ ಮಗ್ಗುಲು ಬೆರಳ ಗೆಣ್ಣಿಗೆ ಒರಗಿ ಏರಿಳಿಯುತ್ತದೆ. ಗೆಣ್ಣಿಗಿಂತ ಎತ್ತರಕ್ಕೆ ಅಲಗನ್ನು ಎತ್ತದಿದ್ದರೆ ಬೆರಳಿಗೆ ತಾಗುವ ದಾರಿಯೇ ಇಲ್ಲ. ಕೆಳಗೆ ಬೀಳುತ್ತಿರುವ ಚಾಕುವನ್ನು ಹಿಡಿಯಲು ಹೋಗಬಾರದು, ಕಾಲು ಹಿಂದಕ್ಕೆಳೆದುಕೊಂಡರೆ ಸಾಕು. ಸೋಪಿನ ನೊರೆಯಿರುವ ಸಿಂಕಿನಲ್ಲಿ ಚಾಕುವನ್ನೂ ಮಿಕ್ಸಿಯ ಬ್ಲೇಡನ್ನೂ ಮುಳುಗಿಸಿಡುವುದು ಪಾತ್ರೆ ತೊಳೆಯಲು ಬರುವವರಿಗೆ ಮಾಡುವ ದ್ರೋಹ.

ಸ್ಲೈಸರ್

ಅಂಗಡಿಯಲ್ಲಿ ಹೊಸದಾಗಿ ಕಂಡರೂ ಸ್ಲೈಸರ್ ಈಳಿಗೆಯ ವಂಶದ್ದೇ: ಅಲಗು ಸ್ಥಿರ, ತರಕಾರಿಗೆ ಓಟ. ಗುಂಡ್ಲುಪೇಟೆ ಸುತ್ತ ಕೇರಳದ ಮಾರುಕಟ್ಟೆಗಾಗಿ ನೇಂದ್ರ ಬಾಳೆ ಬೆಳೆಯುತ್ತಾರೆ. ಚಿಪ್ಸ್ ಮಾಡುವವರು ಸುಲಿದ ನೇಂದ್ರಕಾಯಿಯನ್ನು ಕಾದ ಎಣ್ಣೆಯ ಬಾಣಲೆಯ ಮೇಲೆಯೇ ಹಲಗೆ ಹಿಡಿದು ಉಜ್ಜುತ್ತಾರೆ, ಬಿಲ್ಲೆಗಳು ಒಂದಕ್ಕೊಂದು ಅಂಟದೆ ಎಣ್ಣೆಗೆ ಉದುರುತ್ತವೆ. ನೋಡಲು ಚೆಂದ. ಆದರೆ ಕೆಳಗೆ ಕುದಿಯೆಣ್ಣೆ, ಮೇಲೆ ಅಲಗು, ನಡುವೆ ಚೋಟುದ್ದದ ಬಾಳೆಕಾಯಿ. ಇದು ವೃತ್ತಿಯವರ ಕೆಲಸ. ಮನೆಯಲ್ಲಿ ಮಾಡುವವರು ತಟ್ಟೆಗೆ ಹೆಚ್ಚಿಕೊಂಡು ಆಮೇಲೆ ಎಣ್ಣೆಗೆ ಹಾಕುವುದೇ ಮೇಲು.

ಸ್ಲೈಸರಿನ ಗಾಯ ಆಗುವುದು ಹೆಚ್ಚಾಗಿ ಕೊನೆಯ ತುಂಡಿನಲ್ಲಿ. ತರಕಾರಿ ತೆಳುವಾಗುತ್ತ ಬಂದಂತೆ ಅಂಗೈ ಅಲಗಿಗೆ ಹತ್ತಿರವಾಗುತ್ತದೆ, ಆದರೆ ಕೈಯ ವೇಗ ಹಾಗೆಯೇ ಇರುತ್ತದೆ. ಚಾಕುವಿನ ಗಾಯ ಒಂದು ಗೆರೆ, ಹೊಲಿದರೆ ಕೂಡುತ್ತದೆ. ಸ್ಲೈಸರ್ ಬೆರಳ ತುದಿಯ ಚರ್ಮವನ್ನೇ ಬಿಲ್ಲೆಯಾಗಿ ತೆಗೆದುಬಿಡುವುದರಿಂದ ಹೊಲಿಯಲು ಏನೂ ಉಳಿದಿರುವುದಿಲ್ಲ. ಡಬ್ಬಿಯಲ್ಲಿ ಜೊತೆಗೆ ಬರುವ ಮುಳ್ಳಿನ ಹಿಡಿಕೆಯನ್ನು ಬಹಳ ಮಂದಿ ಎಸೆಯುತ್ತಾರೆ ಅಥವಾ ಮೂಲೆಯ ಡ್ರಾಯರಿಗೆ ಹಾಕುತ್ತಾರೆ. ಉಪಕರಣದ ಅರ್ಧ ಬೆಲೆ ಇರಬೇಕಾದದ್ದು ಅದಕ್ಕೇ. ಕುಯ್ತ ತಡೆಯುವ ನೂಲಿನ ಕೈಗವಸುಗಳೂ ಈಗ ದೊರೆಯುತ್ತವೆ. ಅವು ಎಳೆತವನ್ನು ತಡೆಯುತ್ತವೆ, ಚೂಪಾದ ತುದಿ ಚುಚ್ಚುವುದನ್ನು ಅಷ್ಟಾಗಿ ತಡೆಯವು.

ಮಚ್ಚು

ತೆಂಗಿನಕಾಯಿ, ಎಳನೀರು, ಹಲಸು, ಮೂಳೆ ಮಾಂಸ ಮಚ್ಚಿನ ಪಾಲು. ಇದು ತೂಕದಿಂದ ಕಡಿಯುವ ಸಾಧನ. ಕಡಿಯುವ ಕೊರಡು ಎತ್ತರವಾಗಿ, ಗಟ್ಟಿಯಾಗಿ ಇರಬೇಕು. ಮಾಂಸದ ಅಂಗಡಿಗಳಲ್ಲಿ ಹುಣಸೆಮರದ ದಿಮ್ಮಿಗೆ ಬೇಡಿಕೆ ಇರುವುದು ಅದು ಬೇಗ ಸಿಬಿರೇಳದ ಕಾರಣಕ್ಕೆ. ಎಳನೀರನ್ನು ಅಂಗೈಯಲ್ಲಿ ತಿರುಗಿಸುತ್ತ ಕೆತ್ತುವ ವ್ಯಾಪಾರಿಯ ಚಳಕವನ್ನು ಮನೆಯಲ್ಲಿ ಅನುಕರಿಸಲು ಹೋಗಬಾರದು. ಮನೆಯಲ್ಲಿ ತೆಂಗಿನಕಾಯಿ ಒಡೆಯಲು ಮಚ್ಚಿನ ಬೆನ್ನು ಸಾಕು, ಬಾಯಿ ಬೇಡ: ನಡುಸುತ್ತ ತಿರುಗಿಸಿ ಬಡಿದರೆ ಚಿಪ್ಪು ಹೋಳಾಗುತ್ತದೆ.

ಹರಿತ ಮತ್ತು ಕುಲುಮೆ

ಮೊಂಡು ಚಾಕುವಿಗೆ ಬೆರಳು ಕುಯ್ಯುವುದಿಲ್ಲ ಎಂದು ನಂಬಿದವರಿದ್ದಾರೆ. ನಿಜ ಇದಕ್ಕೆ ತದ್ವಿರುದ್ಧ. ಅಲಗು ಮೊಂಡಾದಷ್ಟೂ ಬಲ ಹೆಚ್ಚು ಹಾಕಬೇಕು, ಹಾಕಿದ ಬಲ ಜಾರಿದಾಗ ಹಿಡಿತಕ್ಕೆ ಸಿಗುವುದಿಲ್ಲ. ಹರಿತವಾದ ಅಲಗು ಕಡಿಮೆ ಒತ್ತಡದಲ್ಲಿ, ಇಟ್ಟ ಜಾಗದಲ್ಲೇ ಇಳಿಯುತ್ತದೆ. ಸುಮ್ಮನೆ ಒತ್ತುವುದಕ್ಕಿಂತ ಎಳೆದು ಕುಯ್ದರೆ ಬೇಕಾಗುವ ಬಲ ಇನ್ನೂ ಕಡಿಮೆ. ಸಾಣೆ ಹಿಡಿಯುವಾಗ ಅಲಗನ್ನು ಕಲ್ಲಿಗೆ ಸುಮಾರು 15ರಿಂದ 20 ಡಿಗ್ರಿ ಓರೆಯಾಗಿಟ್ಟು ಎರಡು ಮಗ್ಗುಲನ್ನೂ ಸಮವಾಗಿ ಉಜ್ಜುತ್ತಾರೆ. ಮಚ್ಚಿಗೆ ಓರೆ ಇದಕ್ಕಿಂತ ಹೆಚ್ಚು ಬೇಕು, ಇಲ್ಲವಾದರೆ ಬಾಯಿ ಮುಕ್ಕಾಗುತ್ತದೆ. ಟೊಮೆಟೊ ಸಿಪ್ಪೆಯ ಮೇಲೆ ಭಾರ ಹಾಕದೆ ಎಳೆದರೆ ಇಳಿಯಿತೇ ಎಂಬುದೇ ಪರೀಕ್ಷೆ. ಹೆಬ್ಬೆರಳ ಮೇಲೆ ಪರೀಕ್ಷೆ ಬೇಡ.

ಊರಿನ ಕುಲುಮೆಯಲ್ಲಿ ಆಚಾರಿಗಳು ಲಾರಿ ಪ್ಲೇಟಿನ ಉಕ್ಕನ್ನು ಕಾಯಿಸಿ ಬಡಿದು ಹದ ಹಾಕಿದ ಮಚ್ಚು, ಈಳಿಗೆಗಳು ಬೇಗ ಹರಿತವಾಗುತ್ತವೆ, ಬೇಗ ತುಕ್ಕೂ ಹಿಡಿಯುತ್ತವೆ. ತೊಳೆದು ಒರೆಸಿ ಕೊಬ್ಬರಿ ಎಣ್ಣೆ ಸವರಿಡಬೇಕು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ರೂಪಿಸಿದ, ಕ್ರೋಮಿಯಂ ಬೆರೆತ ತುಕ್ಕುಹಿಡಿಯದ ಉಕ್ಕು ಇಂದಿನ ಅಂಗಡಿ ಚಾಕುಗಳ ಮೂಲ. ತೊಳೆಯಲು ಸುಲಭವಾದ್ದರಿಂದ ಅದು ಗೆದ್ದಿತು. ಈ ಸೀಮೆಯಲ್ಲಿ ಕಬ್ಬಿಣ ಬರೀ ಸರಕಲ್ಲ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಗುರುವಿನ ಅಪ್ಪಣೆಯಂತೆ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ, ಅವರು ಕೊಡಲೊಲ್ಲರು, ಅಲ್ಲಿಂದ ಕಥೆಯ ದೊಡ್ಡ ಸಂಘರ್ಷವೇ ಬೆಳೆಯುತ್ತದೆ. ಅವನ ಗದ್ದುಗೆಯಿರುವ ಚಿಕ್ಕಲ್ಲೂರು ಇದೇ ಜಿಲ್ಲೆಯಲ್ಲಿದೆ.

ಹಿಡಿ ಸಡಿಲವಾದ ಅಲಗು ಮೊಂಡು ಅಲಗಿಗಿಂತಲೂ ಕೆಟ್ಟದ್ದು. ಅರಗು ಬಿಟ್ಟ, ರಿವಿಟ್ ಅಲುಗುವ ಚಾಕುವಿಗೆ ದಾರ ಸುತ್ತಿ ದಿನ ದೂಡುವ ಬದಲು ಗುಜರಿಗೆ ಹಾಕಬೇಕು, ಅದೂ ರಟ್ಟಿನಲ್ಲಿ ಸುತ್ತಿ. ಕಸದ ಚೀಲಕ್ಕೆ ಬರಿಯ ಅಲಗನ್ನು ಹಾಕಿದರೆ ಕುಯ್ಯುವುದು ಪೌರಕಾರ್ಮಿಕರ ಕೈಯನ್ನು.

ರೂಢಿಗಳು

ಚಾಕು, ಕತ್ತರಿಗಳನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎನ್ನುವುದು ಹಳೇ ಮೈಸೂರಿನ ಮನೆಗಳಲ್ಲಿ ಇನ್ನೂ ಇದೆ. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಜಗಳದ ವಿಷಯ ಹೇಗಾದರೂ ಇರಲಿ, ಈ ಕ್ರಮವನ್ನು ಯಾವ ಅಡುಗೆ ಶಾಲೆಯೂ ತಿದ್ದಲಾರದು. ಆಯುಧಪೂಜೆಯ ದಿನ ಈಳಿಗೆ, ಚಾಕು, ಮಚ್ಚುಗಳನ್ನು ತೊಳೆದು ಕುಂಕುಮವಿಟ್ಟು ಪೂಜೆಗೆ ಇಡುವುದರಿಂದ ವರ್ಷಕ್ಕೊಮ್ಮೆಯಾದರೂ ಎಲ್ಲ ಅಲಗುಗಳೂ ಬೆಳಕಿಗೆ ಬರುತ್ತವೆ. ತುಕ್ಕು, ಬಿರುಕು, ಸಡಿಲ ಹಿಡಿ ನೋಡಲು ಅದು ಒಳ್ಳೆಯ ದಿನ.

ದೊಡ್ಡ ಅಡುಗೆ

ಮದುವೆ, ಜಾತ್ರೆ, ದಾಸೋಹಗಳಲ್ಲಿ ಹತ್ತಾರು ಮಂದಿ ಸುತ್ತ ಕೂತು ಹೆಚ್ಚುತ್ತಾರೆ. ಅಲ್ಲಿ ಅಪಾಯ ಬರುವುದು ಪಕ್ಕದವರಿಂದ. ಈಳಿಗೆಗಳ ನಡುವೆ ಕೈಚಾಚಿದರೂ ತಾಗದಷ್ಟು ಅಂತರ ಬೇಕು, ಸಿಪ್ಪೆಯನ್ನು ಆಗಾಗ ಬಳಿಯುತ್ತಿರಬೇಕು, ಮಾಂಸ ಕಡಿದ ಮಚ್ಚು ತರಕಾರಿಯ ಕಡೆಗೆ ಬರಬಾರದು. 2002ರಲ್ಲಿ ಈಶಾನ್ಯ ಕರ್ನಾಟಕದಲ್ಲಿ ಆರಂಭವಾಗಿ ಮರುವರ್ಷ ರಾಜ್ಯದ ಉಳಿದೆಡೆಗೂ ಹಬ್ಬಿದ ಅಕ್ಷರ ದಾಸೋಹದ ಶಾಲಾ ಅಡುಗೆಮನೆಗಳಲ್ಲಿ ಸಾಂಬಾರಿನ ತರಕಾರಿಯೆಲ್ಲ ಬೆಳಗಿನ ಒಂದೆರಡು ಗಂಟೆಯೊಳಗೆ ಹೆಚ್ಚಿ ಮುಗಿಯಬೇಕು. ಆತುರವೇ ಅಲ್ಲಿನ ಶತ್ರು. ಅಡುಗೆ ಸಿಬ್ಬಂದಿಗೆ ಪ್ರಥಮ ಚಿಕಿತ್ಸೆಯ ಡಬ್ಬಿಯಷ್ಟೇ ಅಗತ್ಯವಾದದ್ದು ಹರಿತವಾದ ಚಾಕು, ಸರಿಯಾದ ಎತ್ತರದ ಮೇಜು.

ಗಾಯವಾದರೆ

ಮೊದಲು ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಒಗೆದ ಬಟ್ಟೆಯಿಂದ ಗಾಯದ ಮೇಲೆಯೇ ಬಿಗಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಹಿಡಿಯಬೇಕು. ರಕ್ತ ಚಿಮ್ಮುತ್ತಿದ್ದರೆ ತೊಳೆಯುತ್ತ ಕೂರದೆ ಒತ್ತುವುದೇ ಮೊದಲ ಕೆಲಸ. ಹತ್ತು ನಿಮಿಷ ಬಿಡದೆ ಒತ್ತಬೇಕು. ನಿಂತಿತೇ ಎಂದು ನಡುನಡುವೆ ತೆಗೆದು ನೋಡಿದರೆ ಕಟ್ಟುತ್ತಿದ್ದ ರಕ್ತ ಮತ್ತೆ ಒಡೆಯುತ್ತದೆ. ಉಂಗುರವಿದ್ದರೆ ಊತ ಬರುವ ಮೊದಲೇ ತೆಗೆಯಬೇಕು. ಹತ್ತು ನಿಮಿಷಕ್ಕೂ ರಕ್ತ ನಿಲ್ಲದಿದ್ದರೆ, ಗಾಯದ ಬಾಯಿ ತೆರೆದುಕೊಂಡಿದ್ದರೆ, ಬೆರಳು ಮಡಚಲು ಬಾರದಿದ್ದರೆ ಅಥವಾ ತುದಿ ಜೋಮು ಹಿಡಿದಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ಮಡಚಲಾಗದಿದ್ದರೆ ಸ್ನಾಯುರಜ್ಜು, ಜೋಮಿದ್ದರೆ ನರ ತುಂಡಾಗಿರಬಹುದು. ಹೊರಗಿನ ಗಾಯ ಚಿಕ್ಕದಾಗಿ ಕಂಡೀತು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರೂ ಸಕ್ಕರೆ ಕಾಯಿಲೆಯವರೂ ಸಣ್ಣ ಗಾಯವನ್ನೂ ಹಗುರವಾಗಿ ಕಾಣಬಾರದು. ಬೆರಳ ತುದಿ ತುಂಡಾಗಿ ಬಿದ್ದಿದ್ದರೆ ಅದನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಬೇಕು. ತುಂಡು ನೇರವಾಗಿ ಮಂಜಿಗೆ ತಾಗಬಾರದು.

ಗಾಯಕ್ಕೆ ಅರಿಶಿನ ಒತ್ತುವುದು ಅರಿಶಿನ ಬೆಳೆಯುವ ಈ ಜಿಲ್ಲೆಯಲ್ಲಿ ಸಹಜ. ಗಾಯ ಮಾಯಿಸುವ ಅರಿಶಿನದ ಗುಣಕ್ಕೆ 1995ರಲ್ಲಿ ಅಮೆರಿಕ ಕೊಟ್ಟಿದ್ದ ಪೇಟೆಂಟನ್ನು ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಪ್ರಶ್ನಿಸಿ, ಇದು ನಮ್ಮಲ್ಲಿ ಮೊದಲಿಂದ ಗೊತ್ತಿದ್ದದ್ದೇ ಎಂದು ತೋರಿಸಿ, 1997ರಲ್ಲಿ ಅದು ರದ್ದಾಗುವಂತೆ ಮಾಡಿತು. ಆ ಗೆಲುವು ಹಕ್ಕಿನ ಪ್ರಶ್ನೆಗೆ ಸಿಕ್ಕ ಉತ್ತರ. ಒಗ್ಗರಣೆ ಡಬ್ಬಿಯ ಅರಿಶಿನಪುಡಿ ಕ್ರಿಮಿರಹಿತವಲ್ಲ. ಆಳದ ಗಾಯಕ್ಕೆ ಅದನ್ನೋ ಕಾಫಿಪುಡಿಯನ್ನೋ ತುಂಬಿದರೆ ವೈದ್ಯರು ಹೊಲಿಯುವ ಮೊದಲು ಅದನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ, ಆ ನೋವು ಬೇರೆ.

ಧನುರ್ವಾಯು ತುಕ್ಕಿನಿಂದ ಬರುವುದಲ್ಲ. ಅದರ ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ, ದನದ ಸಗಣಿಯಲ್ಲಿ ಇರುತ್ತವೆ. ಬೆಳಿಗ್ಗೆ ಹುಲ್ಲು ಕುಯ್ದ ಕುಡುಗೋಲಲ್ಲೇ ಸಂಜೆ ಕುಂಬಳಕಾಯಿ ಸೀಳುವ ಮನೆಯಲ್ಲಿ ಹೊಳೆಯುವ ಅಲಗೂ ಅಪಾಯಕಾರಿಯೇ. ಹಳೆಯ ಟಿಟಿ ಬದಲಿಗೆ ಈಗ ಗಂಟಲಮಾರಿಯನ್ನೂ ತಡೆಯುವ ಟಿಡಿ ಚುಚ್ಚುಮದ್ದು ಬಳಕೆಯಲ್ಲಿದೆ. ಮಣ್ಣು ಸೋಕಿದ ಗಾಯವಾಗಿ, ಕೊನೆಯ ಚುಚ್ಚುಮದ್ದಿಗೆ ಐದು ವರ್ಷ ಮೀರಿದ್ದರೆ ಮತ್ತೊಂದು ಬೇಕಾಗುತ್ತದೆ. ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆ, ಚಾಮರಾಜನಗರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ ಇವೆ. 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಯೂ ಇದೆ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ 2009ರಿಂದ ಜಾರಿಯಲ್ಲಿದ್ದರೂ ಆಂಬುಲೆನ್ಸಿಗೆ ಅದರ ತಡೆಯಿಲ್ಲ.

ಕಾಡಿನ ಗಡಿಯೊಳಗೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧ ಎಂಬುದಕ್ಕೆ ಕೊಡುವ ವಿವರಣೆಯಲ್ಲಿ ಬಂದೂಕು, ಬಿಲ್ಲುಬಾಣ, ಬಲೆ, ಉರುಳುಗಳ ಜೊತೆಗೆ ಚಾಕುವೂ ಸೇರಿದೆ. ಲಿಖಿತ ಅನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವುದನ್ನು ಅದರ 31ನೇ ಕಲಂ ನಿಷೇಧಿಸುತ್ತದೆ, ರಾಷ್ಟ್ರೀಯ ಉದ್ಯಾನಕ್ಕೂ ಅದು ಅನ್ವಯ. ಬಂಡೀಪುರ 1973ರಿಂದ ಹುಲಿ ಯೋಜನೆಗೆ ಸೇರಿದ ಕಾಡು. ಕಾಡಂಚಿನ ಹಳ್ಳಿಗರಿಗೆ, ಜೇನುಕುರುಬರ ಹಾಡಿಗಳಿಗೆ ಮಚ್ಚು ದಿನದ ಸಾಧನವೇ ಆದರೂ ಸೌದೆಗೋ ಕಳಲೆಗೋ ಎಂದು ಅದನ್ನು ಹಿಡಿದು ಗಡಿಯೊಳಗೆ ಹೋದರೆ ಅದು ಕಾನೂನಿನ ಕಣ್ಣಿಗೆ ಅಡುಗೆಯ ವಸ್ತುವಾಗಿ ಉಳಿಯುವುದಿಲ್ಲ. ಸಫಾರಿಗೆ ಬರುವ ಪ್ರವಾಸಿಗರ ಊಟದ ಬುಟ್ಟಿಯಲ್ಲಿನ ಹಣ್ಣು ಹೆಚ್ಚುವ ಚಾಕುವಿಗೂ ಕಾಯ್ದೆ ಬೇರೆ ಹೆಸರಿಟ್ಟಿಲ್ಲ. ಹಣ್ಣನ್ನು ಗುಂಡ್ಲುಪೇಟೆಯಲ್ಲೇ ಹೆಚ್ಚಿ ಡಬ್ಬಿಗೆ ಹಾಕಿಕೊಂಡು ಹೊರಡುವುದು ಸಲೀಸು. ಸಿಪ್ಪೆಯನ್ನೂ ಅಲ್ಲೇ ಬಿಟ್ಟರೆ ದಾರಿಯ ಕೋತಿಗಳು ಕಾರಿನ ಕಿಟಕಿಗೆ ಬರುವುದು ತಪ್ಪುತ್ತದೆ.